ಎಣ್ಣೆ ಕೂಲರಿನ ಟ್ಯೂಬಿನಲ್ಲಿ ಸುಣ್ಣ ಕಟ್ಟಿದೆ, ಆಸಿಡ್ ಬಿಡಬಹುದೇ?

ಶೇಂಗಾಸೀಮೆ, ಚಳ್ಳಕೆರೆ

ಎಲ್ಲರಿಗೂ ನಮಸ್ಕಾರ. ಚಳ್ಳಕೆರೆ ಹತ್ತಿರದ ಒಂದು ಎಣ್ಣೆ ರಿಫೈನರಿಯಲ್ಲಿ ಫಿಟ್ಟರ್ ಆಗಿದ್ದೇನೆ. ಐಟಿಐ ಮುಗಿಸಿ ನೇರವಾಗಿ ಸೇರಿದವನು. ಪಂಪು, ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವುದು ರೂಢಿಯಿದೆ, ಹೀಟ್ ಎಕ್ಸ್‌ಚೇಂಜರಿನ ಕೆಲಸ ಹೊಸದು.

ಎಣ್ಣೆಯನ್ನು ಟ್ಯಾಂಕಿಗೆ ಕಳಿಸುವ ಮುಂಚೆ ತಣಿಸಲು ಶೆಲ್ ಅಂಡ್ ಟ್ಯೂಬ್ ಕೂಲರ್ ಇದೆ. ಹೊರಗಿನ ದೊಡ್ಡ ಕೊಳವೆಯಾದ ಶೆಲ್ಲಿನಲ್ಲಿ ಎಣ್ಣೆ, ಅದರೊಳಗಿನ ಸಣ್ಣ ಟ್ಯೂಬುಗಳಲ್ಲಿ ಕೂಲಿಂಗ್ ಟವರಿನ (ನೀರನ್ನು ಗಾಳಿಗೆ ಒಡ್ಡಿ ತಣಿಸುವ ಗೋಪುರ) ನೀರು. ಮುಕ್ಕಾಲು ಇಂಚಿನ 120 ಟ್ಯೂಬು, 3 ಮೀಟರ್ ಉದ್ದ, ನಾಲ್ಕು ಪಾಸ್ (ನೀರು ಕೂಲರಿನ ಉದ್ದವನ್ನು ನಾಲ್ಕು ಸಲ ದಾಟುತ್ತದೆ). ನೇಮ್‌ಪ್ಲೇಟಿನಲ್ಲಿ ನೀರು ಗಂಟೆಗೆ 21 ಘನಮೀಟರ್ ಎಂದಿದೆ. ಗಂಟೆಗೆ 4 ಟನ್ ಎಣ್ಣೆ 90 ಡಿಗ್ರಿಯಲ್ಲಿ ಒಳಗೆ ಹೋಗಿ 45ಕ್ಕೆ ಇಳಿದು ಬರುತ್ತಿತ್ತು. ಈಗ 62ರಲ್ಲೇ ಹೊರಬರುತ್ತಿದೆ. ನೀರು 31ರಲ್ಲಿ ಹೋಗಿ 39ರಲ್ಲಿ ಬರುತ್ತಿದೆ. ಒಂದು ಕಡೆಯ ಮುಚ್ಚಳ ತೆಗೆದು ನೋಡಿದೆ: ಟ್ಯೂಬಿನೊಳಗೆ ಬೆಳ್ಳಗೆ, ಅಲ್ಲಲ್ಲಿ ಕಂದು ಬಣ್ಣದ ಪದರ. ಉಗುರಿನಿಂದ ಕೆರೆದರೆ ಬರುವುದಿಲ್ಲ.

ನೀರು ನಮ್ಮದೇ ಬೋರ್‌ವೆಲ್ಲಿನದು. ಲ್ಯಾಬಿನವರು ಕೊಟ್ಟ ಲೆಕ್ಕ: ಬೋರಿನ ನೀರಿನ ಟಿಡಿಎಸ್ (ಕರಗಿದ ಲವಣ, ಲೀಟರಿಗೆ ಮಿಲಿಗ್ರಾಮಿನಲ್ಲಿ) 1100, ಗಡಸುತನ 600. ಟವರಿನ ತೊಟ್ಟಿಯಲ್ಲಿ ಟಿಡಿಎಸ್ 5200, ಗಡಸುತನ 1300.

ಹೊರಗಿನ ಗುತ್ತಿಗೆದಾರರು ಹೇಳಿದ ಮೊತ್ತ ಕೇಳಿ ಯಜಮಾನರು ಗಾಬರಿಯಾಗಿದ್ದಾರೆ. "ಎರಡು ಕ್ಯಾನ್ ಆಸಿಡ್ ತಂದು ರಾತ್ರಿಯೆಲ್ಲ ತುಂಬಿಸಿಡು, ಬೆಳಿಗ್ಗೆ ತೊಳೆದುಬಿಡು" ಎನ್ನುತ್ತಿದ್ದಾರೆ. ಹಾಗೆ ಮಾಡಬಹುದೇ? ಎಷ್ಟು ಆಸಿಡ್ ಬೇಕು, ಎಷ್ಟು ಹೊತ್ತು ಬಿಡಬೇಕು?

ಗುತ್ತಿಗೆ ಕೆಲಸ

ಧಾರಾಳವಾಗಿ ಮಾಡಬಹುದು. ಹೈಡ್ರೋಕ್ಲೋರಿಕ್ ಆಸಿಡ್ಡಿಗೆ ಅರ್ಧದಷ್ಟು ನೀರು ಸೇರಿಸಿ ತುಂಬಿ, ಮುಚ್ಚಳ ಬಿಗಿ ಮಾಡಿ, ನಾಲ್ಕು ತಾಸು ಬಿಡಿ. ಕನ್ನಡಿಯಾಗಿ ಬರುತ್ತದೆ. ನಾವು ಎಷ್ಟೋ ಕಡೆ ಮಾಡಿದ್ದೇವೆ, ಏನೂ ಆಗಿಲ್ಲ.

ಹಳೆಯ ಫೋರ್‌ಮನ್, ದಾವಣಗೆರೆ

ತಮ್ಮಾ, ಮೇಲಿನ ಉತ್ತರವನ್ನು ಓದಿದಷ್ಟಕ್ಕೇ ಬಿಡು. ಸುಣ್ಣದ ಮೇಲೆ ಆಸಿಡ್ ಬಿದ್ದರೆ ಅನಿಲ ಏಳುತ್ತದೆ. ಮುಚ್ಚಳ ಬಿಗಿ ಮಾಡಿ ನಾಲ್ಕು ತಾಸು ಬಿಡಿ ಎನ್ನುವವರು ಆಗ ಆ ಮುಚ್ಚಳದ ಪಕ್ಕದಲ್ಲಿ ನಿಲ್ಲುವುದಿಲ್ಲ, ನೀನು ನಿಂತಿರುತ್ತೀಯ. ಎಷ್ಟು ಅನಿಲ ಎಂಬುದನ್ನು ಆಮೇಲೆ ಹೇಳುತ್ತೇನೆ.

ನಾನು ಮೊದಲು ಹರಿಹರದ ಕಡೆ ಹೊಳೆ ನೀರಿನ ಮೇಲೆ ಕೆಲಸ ಮಾಡಿದವನು, ಆಮೇಲೆ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಬೋರ್‌ವೆಲ್ ನೀರಿನ ಮೇಲೆ. ಕೂಲರ್ ಅದೇ, ಟ್ಯೂಬು ಅದೇ. ಹೊಳೆಯ ನೀರಿನಲ್ಲಿ ವರ್ಷಗಟ್ಟಲೆ ಮುಟ್ಟದಿದ್ದರೂ ಕೆಸರು, ಪಾಚಿ ಬಿಟ್ಟರೆ ಇನ್ನೇನೂ ಸಿಗುತ್ತಿರಲಿಲ್ಲ. ಬೋರಿನ ನೀರಿನಲ್ಲಿ ಒಂದು ಬೇಸಿಗೆ ಸಾಕು. ನಿಮ್ಮ ಸೀಮೆಯಂತೂ ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ಜಾಗ. ನೆಲದಾಳದ ನೀರು ಕಲ್ಲಿನ ಸಂದಿಯಲ್ಲಿ ಕೂತು ಕೂತು ಸುಣ್ಣ ಕುಡಿದಿರುತ್ತದೆ.

ನೀನು ಕೊಟ್ಟ ಅಂಕಿಗಳು ಬಂಗಾರದಂಥವು. ಇಷ್ಟು ಬರೆದು ಕೇಳುವವರು ಅಪರೂಪ. "ಕೂಲರ್ ಕೆಲಸ ಮಾಡುತ್ತಿಲ್ಲ, ಏನು ಮಾಡಲಿ" ಎಂದಷ್ಟೇ ಕೇಳುವವರೇ ಹೆಚ್ಚು. ಆದರೆ ಆ ಅಂಕಿಗಳನ್ನು ನೀನೇ ಓದಿಕೊಂಡಿಲ್ಲ. ಓದೋಣ ಬಾ.

ಎಣ್ಣೆ ಶಾಖ ಹಿಡಿಯುವ ಶಕ್ತಿ ನೀರಿನದರ ಅರ್ಧ ಎಂದಿಟ್ಟುಕೋ, ಲೆಕ್ಕಕ್ಕೆ ಅಷ್ಟು ಸಾಕು. 4 ಟನ್ ಎಣ್ಣೆ 90ರಿಂದ 62ಕ್ಕೆ ಇಳಿದಿದೆ, ಅಂದರೆ 28 ಡಿಗ್ರಿ. ನಾಲ್ಕು ಇಪ್ಪತ್ತೆಂಟಲಿ 112, ಅದರ ಅರ್ಧ 56. ಇಷ್ಟು ಶಾಖವನ್ನು ನೀರು ಹೊತ್ತುಕೊಂಡು 8 ಡಿಗ್ರಿ ಏರಿದೆ. 56ನ್ನು 8ರಿಂದ ಭಾಗಿಸಿದರೆ 7. ನಿನ್ನ ಕೂಲರಿನಲ್ಲಿ ಗಂಟೆಗೆ ಹರಿಯುತ್ತಿರುವುದು 7 ಘನಮೀಟರ್ ನೀರು. ನೇಮ್‌ಪ್ಲೇಟು ಕೇಳುತ್ತಿರುವುದು 21.

ಮೂರರಲ್ಲಿ ಒಂದು ಪಾಲು! ಉಳಿದ ಎರಡು ಪಾಲು ನೀರು ಎಲ್ಲಿ ಹೋಯಿತು ಎಂದು ಕೇಳದೆ ಆಸಿಡ್ ಹುಡುಕುತ್ತಿದ್ದೀಯ. ಕಸ ಹಿಡಿಯುವ ಸ್ಟ್ರೈನರ್ ಕಟ್ಟಿದೆಯೋ, ಯಾರಾದರೂ ವಾಲ್ವ್ ತಿರುಗಿಸಿಟ್ಟಿದ್ದಾರೋ, ಇದೇ ಪಂಪಿನಿಂದ ಇನ್ನಾವುದಕ್ಕಾದರೂ ಕೊಂಡಿ ಹಾಕಿದ್ದಾರೋ, ಟ್ಯೂಬುಗಳೇ ಮುಚ್ಚಿಹೋಗಿವೆಯೋ ನೋಡು. ಒಳಗೆ ಹೋಗುವ ಮತ್ತು ಹೊರಬರುವ ಪೈಪಿನ ಮೇಲೆ ಒಂದೊಂದು ಪ್ರೆಷರ್ ಗೇಜ್ ಹಾಕಿದರೆ ಅರ್ಧ ಉತ್ತರ ಸಿಗುತ್ತದೆ. ನೀರು ಕಡಿಮೆಯಾಗಿದ್ದೂ ಎರಡು ಗೇಜಿನ ನಡುವಿನ ವ್ಯತ್ಯಾಸ ಹೆಚ್ಚಾಗಿದ್ದರೆ ಅಡ್ಡಿ ಕೂಲರಿನೊಳಗೇ ಇದೆ. ವ್ಯತ್ಯಾಸವೂ ಕಡಿಮೆಯಾಗಿದ್ದರೆ ತಪ್ಪು ಹೊರಗಿದೆ, ಕೂಲರನ್ನು ಬೈಯಬೇಡ.

ನೀರು ಕಡಿಮೆಯಾದರೆ ತಣಿಸುವುದು ಕಡಿಮೆ, ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ನಾಲ್ಕು ಪಾಸ್ ಎಂದರೆ ಒಂದೊಂದರಲ್ಲಿ 30 ಟ್ಯೂಬು. ಅದರಲ್ಲಿ 21 ಘನಮೀಟರ್ ಹರಿದರೆ ವೇಗ ಸೆಕೆಂಡಿಗೆ ಸುಮಾರು 1 ಮೀಟರ್. ಟ್ಯೂಬಿನಲ್ಲಿ ನೀರು 1ರಿಂದ 2 ಮೀಟರ್ ವೇಗದಲ್ಲಿ ಓಡುತ್ತಿರಬೇಕು. ನಿನ್ನದರಲ್ಲಿ ಈಗ ಮೀಟರಿನ ಮೂರನೇ ಒಂದು ಭಾಗ. ಹಾಗೆ ತೆವಳುವ ನೀರಿನಲ್ಲಿ ಧೂಳು, ಮರಳು, ಪಾಚಿ ಎಲ್ಲ ಕೂತುಬಿಡುತ್ತವೆ. ಟ್ಯೂಬಿನ ಗೋಡೆಯೂ ಹೆಚ್ಚು ಬಿಸಿಯಾಗುತ್ತದೆ. ಉಪ್ಪು, ಸಕ್ಕರೆ ನೀರು ಬಿಸಿಯಾದಷ್ಟೂ ಹೆಚ್ಚು ಕರಗುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ನಾವು ಸುಣ್ಣ ಎನ್ನುವ ಈ ಪದರ, ಹಾಗಲ್ಲ, ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ, ಬಿಸಿ ಗೋಡೆಯನ್ನೇ ಹುಡುಕಿಕೊಂಡು ಹೋಗಿ ಅಂಟುತ್ತದೆ. ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವಂತೆಯೇ. ನೀನು ತೆಗೆದದ್ದು ಯಾವ ಕಡೆಯ ಮುಚ್ಚಳ? ನೀರು ಹೊರಬರುವ ಪಾಸಿನಲ್ಲಿ ಪದರ ದಪ್ಪ, ಒಳಹೋಗುವ ಪಾಸಿನಲ್ಲಿ ತೆಳು ಇರಬೇಕು. ಹೌದೋ ಅಲ್ಲವೋ ನೋಡಿ ಹೇಳು.

ಆಸಿಡ್ ವಿಷಯಕ್ಕೆ ಬರುವ ಮುಂಚೆ ಮೂರು ಕೆಲಸ ಮಾಡು.

ಟ್ಯೂಬಿನ ಲೋಹ ಯಾವುದು ಎಂದು ನೀನು ಬರೆದಿಲ್ಲ. ಆಯಸ್ಕಾಂತ ತೆಗೆದುಕೊಂಡು ಟ್ಯೂಬಿನ ತುದಿಗೆ ಹಿಡಿ. ಶೆಲ್ಲಿಗಲ್ಲ, ಟ್ಯೂಬುಗಳ ತುದಿ ಕೂರುವ ತಟ್ಟೆಯಾದ ಟ್ಯೂಬ್‌ಶೀಟಿಗೂ ಅಲ್ಲ, ಟ್ಯೂಬಿನ ತುದಿಗೇ. ಎಣ್ಣೆಯ ಘಟಕಗಳಲ್ಲಿ ಶೆಲ್ ಸಾದಾ ಉಕ್ಕಾಗಿದ್ದು ಟ್ಯೂಬು ಸ್ಟೇನ್‌ಲೆಸ್ ಇರುವುದು ಸಾಮಾನ್ಯ. 304, 316 ದರ್ಜೆಗೆ ಆಯಸ್ಕಾಂತ ಹಿಡಿಯುವುದಿಲ್ಲ. ಸ್ಟೇನ್‌ಲೆಸ್ ಆಗಿದ್ದರೆ ಹೈಡ್ರೋಕ್ಲೋರಿಕ್ ಆಸಿಡ್ಡಿನ ಹೆಸರನ್ನೂ ಎತ್ತಬಾರದು. ಅದರೊಳಗಿನ ಕ್ಲೋರೈಡ್ ಸ್ಟೇನ್‌ಲೆಸ್ಸಿನಲ್ಲಿ ಸೂಜಿಮೊನೆಯಂಥ ತೂತು ಕೊರೆಯುತ್ತದೆ, ಬಿಸಿಯಲ್ಲಿ ಕೂದಲೆಳೆಯ ಬಿರುಕು ಬಿಡಿಸುತ್ತದೆ. ತೊಳೆದ ದಿನ ಟ್ಯೂಬು ಕನ್ನಡಿಯಾಗಿಯೇ ಕಾಣುತ್ತದೆ. ಸೋರಲು ಶುರುವಾಗುವುದು ಗುತ್ತಿಗೆದಾರ ಬಿಲ್ ಪಡೆದು ಹೋದ ಮೇಲೆ.

ಎರಡನೆಯದು, ಆ ಪದರ ಏನೆಂದು ತಿಳಿಯುವುದು. ಹಳೆಯ ಸ್ಕ್ರೂಡ್ರೈವರಿನಿಂದ ಒಂದು ಚಕ್ಕೆ ಎಬ್ಬಿಸು. ಮುರಿದ ಅಂಚನ್ನು ಬಿಸಿಲಿಗೆ ಹಿಡಿದು ನೋಡಿದರೆ ಪದರದ ಮೇಲೆ ಪದರ ಕಾಣುತ್ತದೆ. ಬಿಳಿಯ ಗೆರೆಯ ನಡುವೆ ತೆಳ್ಳಗೆ ಒಂದು ಕಂದು ಗೆರೆ, ಮತ್ತೆ ಬಿಳಿ. ಕಂದು ಗೆರೆ ತುಕ್ಕು ಅಥವಾ ಮಣ್ಣು. ಚಕ್ಕೆಯನ್ನು ಗಾಜಿನ ಬಟ್ಟಲಲ್ಲಿ ಹಾಕಿ ತೆಳುವಾದ ಹೈಡ್ರೋಕ್ಲೋರಿಕ್ ಆಸಿಡ್ ಎರಡು ಹನಿ ಬಿಡು. ಅಷ್ಟಕ್ಕೆ ಆ ಆಸಿಡ್ ಸಾಕು. ಭುಸ್ಸೆಂದು ನೊರೆ ಬಂದು ಚಕ್ಕೆ ಕರಗಿ, ಬಟ್ಟಲ ತಳದಲ್ಲಿ ಚಿಟಿಕೆ ಕಂದು ಗಸಿ ಉಳಿದರೆ ಅದು ಕಾರ್ಬೊನೇಟ್, ನಿನ್ನ ಅದೃಷ್ಟ. ನೊರೆಯೇ ಬಾರದೆ ಚಕ್ಕೆ ಹಾಗೆಯೇ ಕುಳಿತಿದ್ದರೆ ಅದು ಸಲ್ಫೇಟ್ ಅಥವಾ ಸಿಲಿಕಾ. ಸಿಲಿಕಾ ಕರಗಿಸುವ ಆಸಿಡ್ ಮೂಳೆಯವರೆಗೆ ಹೋಗುವಂಥದ್ದು, ಅದರ ಗೊಡವೆ ನಿನಗೆ ಬೇಡ, ಬ್ರಷ್ಷೋ ನೀರಿನ ಜೆಟ್ಟೋ ಗತಿ. ಚಕ್ಕೆ ಜಿಡ್ಡಾಗಿದ್ದು ಆಸಿಡ್ ಹನಿ ಮೇಲಿಂದ ಜಾರಿದರೆ ಎಣ್ಣೆ ಹತ್ತಿದೆ ಎಂದರ್ಥ. ಮೊದಲು ಬಿಸಿ ನೀರಿನಲ್ಲಿ ಸೋಡಾ ಆ್ಯಶ್, ಡಿಟರ್ಜೆಂಟ್ ಹಾಕಿ ಜಿಡ್ಡು ತೆಗೆಯಬೇಕು.

ನೀರಿನ ಕಡೆ ಎಣ್ಣೆ ಬಂದಿದ್ದರೆ ಅದು ಹೆಚ್ಚಾಗಿ ಟ್ಯೂಬು ತೂತಾಗಿರುವುದರಿಂದ. ಮೂರನೆಯ ಕೆಲಸ ಅದನ್ನು ಪತ್ತೆ ಮಾಡುವುದು, ಮತ್ತು ಇದನ್ನು ಆಸಿಡ್ಡಿಗೆ ಮುಂಚೆಯೇ ಮಾಡಬೇಕು. ತೂತಿರುವ ಟ್ಯೂಬಿಗೆ ಆಸಿಡ್ ಬಿಟ್ಟರೆ ಅದು ಹೋಗುವುದು ಜನ ತಿನ್ನುವ ಎಣ್ಣೆಯ ಕಡೆಗೆ. ಎರಡೂ ಮುಚ್ಚಳ ತೆಗೆದು, ಟ್ಯೂಬ್‌ಶೀಟನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಸವರು. ಎಣ್ಣೆ ತಣ್ಣಗಿರುವಾಗ ಶೆಲ್ಲಿಗೆ ಪಂಪಿನ ಒತ್ತಡ ಕೊಟ್ಟು ಅರ್ಧ ತಾಸು ಕಾಯಿ. ಬಿಳಿಯ ಪುಡಿಯ ಮೇಲೆ ಹಳದಿ ಚುಕ್ಕೆ ಮೂಡಿದ ಟ್ಯೂಬೇ ಕಳ್ಳ. ಎರಡೂ ತುದಿಗೆ ಮೊಳೆಯಾಕಾರದ ಪ್ಲಗ್ ಬಡಿದು ಮುಚ್ಚು. ನೂರಕ್ಕೆ ಹತ್ತರಷ್ಟು ಟ್ಯೂಬು ಮುಚ್ಚುವವರೆಗೂ ಕೂಲರ್ ನಡೆಯುತ್ತದೆ, ಅದಕ್ಕೂ ಮೀರಿದರೆ ಹೊಸ ಟ್ಯೂಬಿನ ಮಾತು.

ಇಷ್ಟು ಮಾಡಿ ಬಾ.

ಕಬ್ಬಿನ ಹಂಗಾಮು

ಫೋರ್‌ಮನ್ ಅವರು ಹೇಳಿದ್ದಕ್ಕೆ ನನ್ನದೂ ಒಂದು ಮಾತು. ನಾನು ಸಕ್ಕರೆ ಕಾರ್ಖಾನೆಯವನು, ನಮಗೆ ಕಬ್ಬಿನ ರಸದ ಹೀಟರು, ಇವಾಪೊರೇಟರು ಹಂಗಾಮಿನುದ್ದಕ್ಕೂ ತಲೆನೋವು. ನಮ್ಮಲ್ಲಿ ಕಾಸ್ಟಿಕ್ ಸೋಡಾ ಹಾಕಿ ಕುದಿಸಿ ಪದರವನ್ನು ಮೆತ್ತಗೆ ಮಾಡಿ, ಆಮೇಲೆ ಬ್ರಷ್ ಹೊಡೆಯುತ್ತೇವೆ. ನಿಮ್ಮದು ಬರೀ ನೀರಿನ ಸುಣ್ಣವಾದರೆ ಕಾಸ್ಟಿಕ್‌ನಿಂದ ಏನೂ ಆಗದು.

ಮುಚ್ಚಿಹೋದ ಟ್ಯೂಬಿದ್ದರೆ ಆಸಿಡ್ ಅದರೊಳಗೆ ಹರಿಯುವುದೇ ಇಲ್ಲ, ತೆರೆದಿರುವ ಟ್ಯೂಬಿನಲ್ಲೇ ಸುತ್ತಿ ಸುತ್ತಿ ಅದನ್ನೇ ತಿನ್ನುತ್ತದೆ. ಮೊದಲು ಎಲ್ಲ 120 ಟ್ಯೂಬಿನಲ್ಲೂ ಈ ಕಡೆಯಿಂದ ಆ ಕಡೆಗೆ ಬೆಳಕು ಕಾಣಬೇಕು. ಒಬ್ಬ ಟಾರ್ಚ್ ಹಿಡಿದು ಆ ತುದಿಯಲ್ಲಿ ಕೂರಲಿ. ಬೆಳಕು ಕಾಣದ ಟ್ಯೂಬಿಗೆ ಬಣ್ಣದ ಗುರುತು ಹಾಕಿ, ಬಾಗುವ ಶಾಫ್ಟಿನ ಟ್ಯೂಬ್ ಕ್ಲೀನರ್ ಬಾಡಿಗೆಗೆ ತಂದು ನೀರು ಬಿಡುತ್ತಾ ಕೊರೆಯಿರಿ. ತಿರುಗುವ ಬ್ರಷ್ಷನ್ನು ಒಂದೇ ಕಡೆ ನಿಲ್ಲಿಸಬೇಡಿ, ಗೋಡೆ ಸವೆಯುತ್ತದೆ. ಸ್ಟೇನ್‌ಲೆಸ್ ಟ್ಯೂಬಿಗೆ ನೈಲಾನ್ ಬ್ರಷ್ ಅಥವಾ ಸ್ಟೇನ್‌ಲೆಸ್ ತಂತಿಯದೇ ಬೇಕು. ಸಾದಾ ಉಕ್ಕಿನ ತಂತಿಯ ಬ್ರಷ್ ಹೊಡೆದರೆ ಕಬ್ಬಿಣದ ಕಣ ಅಂಟಿಕೊಂಡು ಅಲ್ಲಿಂದಲೇ ತುಕ್ಕು ಶುರು.

ಅಧಿಕ ಒತ್ತಡದ ನೀರಿನ ಜೆಟ್ ಬೇಕಾದರೆ ಅನುಭವಸ್ಥರನ್ನೇ ಕರೆಸಿ. ಆ ನೀರು ಚರ್ಮದ ಮೇಲೆ ಸಣ್ಣ ಚುಕ್ಕೆಯಷ್ಟೇ ಗಾಯ ಮಾಡಿ ಒಳಗೆ ಮಾಂಸವನ್ನೇ ಹರಿದಿರುತ್ತದೆ. ಹೊರಗೆ ರಕ್ತವಿಲ್ಲ ಎಂದು ಮನೆಗೆ ಹೋದವರು ಬೆರಳು ಕಳೆದುಕೊಂಡಿರುವುದುಂಟು.

ಶೇಂಗಾಸೀಮೆ, ಚಳ್ಳಕೆರೆ

ಗುರುಗಳೇ, ಹೇಳಿದ್ದನ್ನೆಲ್ಲ ಮಾಡಿದೆ. ಶೆಲ್, ಟ್ಯೂಬ್‌ಶೀಟ್ ಎರಡಕ್ಕೂ ಆಯಸ್ಕಾಂತ ಹಿಡಿಯಿತು, ಟ್ಯೂಬಿಗೆ ಹಿಡಿಯಲಿಲ್ಲ. ಚಕ್ಕೆ ಭುಸ್ಸೆಂದಿತು, ತಳದಲ್ಲಿ ಕಂದು ಗಸಿ ಉಳಿಯಿತು. ಹೊರಬರುವ ಪಾಸಿನಲ್ಲಿ ಪದರ ಒಂದೂವರೆ ಮಿಲಿಮೀಟರ್ ಇದೆ, ಒಳಹೋಗುವ ಕಡೆ ಅರ್ಧಕ್ಕಿಂತ ಕಡಿಮೆ. ಸೀಮೆಸುಣ್ಣದ ಪರೀಕ್ಷೆಯಲ್ಲಿ ಯಾವ ಟ್ಯೂಬೂ ಸೋರಲಿಲ್ಲ. ಒಂಬತ್ತು ಟ್ಯೂಬು ಪೂರ್ತಿ ಮುಚ್ಚಿದ್ದವು, ಒಳಗೆ ಟವರಿನಲ್ಲಿ ನೀರು ಹರಡುವ ಫಿಲ್ಲಿನ ಪ್ಲಾಸ್ಟಿಕ್ ಚೂರು, ಬೇವಿನ ಎಲೆ, ಅದರ ಸುತ್ತ ಸುಣ್ಣ.

ನೀರಿನ ಕಥೆಯೂ ಗೊತ್ತಾಯಿತು. ಪಕ್ಕದ ಕಂಡೆನ್ಸರಿಗೆ ನೀರು ಸಾಲದೆ ಬಂದಾಗ ಪಾಳಿಯವರು ನಮ್ಮ ಕೂಲರಿನ ವಾಲ್ವನ್ನು ಅರ್ಧಕ್ಕಿಂತ ಹೆಚ್ಚು ಮುಚ್ಚಿದ್ದರಂತೆ. ಆಮೇಲೆ ಯಾರೂ ತೆರೆದಿಲ್ಲ.

ಯಜಮಾನರಿಗೆ ಈಗ ಹೊಸ ಯೋಚನೆ ಬಂದಿದೆ: ಇದನ್ನು ಕಿತ್ತು, ಟ್ಯೂಬಿನ ಬದಲು ತೆಳು ತಗಡುಗಳನ್ನು ಜೋಡಿಸಿದ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಹಾಕಿದರೆ ಹೇಗೆ ಎಂದು ಕೇಳುತ್ತಿದ್ದಾರೆ.

ಹಾಲಿನ ಡೈರಿ

ಪ್ಲೇಟಿನದ್ದು ನನಗೆ ದಿನದ ಕೆಲಸ, ಅದಕ್ಕೆ ಹೇಳುತ್ತೇನೆ. ಸಣ್ಣ ಜಾಗದಲ್ಲಿ ಹೆಚ್ಚು ತಣಿಸುತ್ತದೆ, ಬಿಚ್ಚುವುದೂ ಸುಲಭ. ಆದರೆ ಪ್ಲೇಟಿನ ನಡುವಿನ ಸಂದಿ ಕೆಲವೇ ಮಿಲಿಮೀಟರ್. ನಿಮ್ಮ ಟವರಿನ ಪ್ಲಾಸ್ಟಿಕ್ ಚೂರು, ಬೇವಿನ ಎಲೆ ಅಲ್ಲಿ ಮೊದಲ ವಾರವೇ ಸಿಕ್ಕಿಕೊಳ್ಳುತ್ತವೆ. ಹಾಕಿಸಿದರೆ ಗ್ಯಾಸ್ಕೆಟ್ ನೈಟ್ರೈಲ್ ರಬ್ಬರಿನದೇ ಎಂದು ಬರೆಸಿಕೊಳ್ಳಿ, ಇಪಿಡಿಎಂ ರಬ್ಬರ್ ಎಣ್ಣೆಗೆ ಉಬ್ಬಿಹೋಗುತ್ತದೆ. ಬಿಚ್ಚುವ ಮುಂಚೆ ಎರಡು ದಪ್ಪ ಫ್ರೇಮುಗಳ ನಡುವಿನ ಅಳತೆಯನ್ನು ಟೇಪಿನಲ್ಲಿ ಬರೆದಿಟ್ಟುಕೊಂಡು, ಕಟ್ಟುವಾಗ ಅದೇ ಅಳತೆಗೆ ತರಬೇಕು. ಸೋರುತ್ತಿದೆ ಎಂದು ಇನ್ನಷ್ಟು ಬಿಗಿದರೆ ಅರ್ಧ ಮಿಲಿಮೀಟರಿನ ಪ್ಲೇಟು ಮಡಚಿಕೊಳ್ಳುತ್ತದೆ.

ಹಳೆಯ ಫೋರ್‌ಮನ್, ದಾವಣಗೆರೆ

ಡೈರಿಯವರು ಸರಿಯಾಗಿ ಹೇಳಿದ್ದಾರೆ. ನೀರು ಇದೇ ಇದ್ದರೆ ಯಾವ ಯಂತ್ರ ತಂದರೂ ಇದೇ ಹಾಡು.

ಈಗ ಆಸಿಡ್ ಲೆಕ್ಕ. ಸರಾಸರಿ 1 ಮಿಲಿಮೀಟರ್ ಪದರ ಎಂದುಕೊಂಡರೆ ನಿನ್ನ 120 ಟ್ಯೂಬಿನಲ್ಲಿ ಹೆಚ್ಚುಕಡಿಮೆ 40 ಕಿಲೋ ಸುಣ್ಣ ಕೂತಿದೆ. ಆ ಒಂದು ಮಿಲಿಮೀಟರ್ ಶಾಖವನ್ನು ತಡೆಯುವುದು 20 ಮಿಲಿಮೀಟರಿಗೂ ದಪ್ಪನೆಯ ಸಾದಾ ಉಕ್ಕಿನ ಗೋಡೆಯಷ್ಟು. ನಿನಗೆ ಬೇಕಾದದ್ದು ಸಲ್ಫಾಮಿಕ್ ಆಸಿಡ್. ಬಿಳಿ ಪುಡಿ, ಚೀಲದಲ್ಲಿ ಬರುತ್ತದೆ, ಕ್ಲೋರೈಡ್ ಇಲ್ಲ. ಒಂದು ಕಿಲೋ ಸುಣ್ಣಕ್ಕೆ ಎರಡು ಕಿಲೋ ಪುಡಿ, ಅಂದರೆ ಒಟ್ಟು 80 ಕಿಲೋ. ಯಜಮಾನರ ಎರಡು ಕ್ಯಾನ್ ಎಲ್ಲಿಗೆ ಸಾಕಾಗುತ್ತಿತ್ತು? 40 ಕಿಲೋ ಸುಣ್ಣ ಕರಗಿದಾಗ ಏಳುವ ಇಂಗಾಲದ ಡೈಆಕ್ಸೈಡ್ 17 ಕಿಲೋಗೂ ಮಿಕ್ಕಿ, ಗಾಳಿಯ ಒತ್ತಡದಲ್ಲಿ 10,000 ಲೀಟರಿನ ಹತ್ತಿರ. ಮುಚ್ಚಳ ಬಿಗಿ ಮಾಡಿ ಎಂದವರಿಗೆ ಇದನ್ನು ತೋರಿಸು.

500 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್, ಆಸಿಡ್ ತಡೆಯುವ ಸಣ್ಣ ಪಂಪು, ಹೋಸು. ಟ್ಯಾಂಕಿನಲ್ಲಿ ನೀರು ತುಂಬಿ, ನೀರಿಗೆ ಪುಡಿ ಹಾಕು, ಪುಡಿಯ ಮೇಲೆ ನೀರು ಸುರಿಯಬೇಡ. ಒಂದು ಸಲಕ್ಕೆ 30 ಕಿಲೋ, ಅಂದರೆ ನೂರಕ್ಕೆ ಆರರಷ್ಟು. ಜೊತೆಗೆ ಇನ್‌ಹಿಬಿಟರ್ ಬೇಕೇ ಬೇಕು. ನಿನ್ನ ಟ್ಯೂಬು ಸ್ಟೇನ್‌ಲೆಸ್ ಆದರೂ ಟ್ಯೂಬ್‌ಶೀಟು, ಅದರ ಮುಂದೆ ನೀರು ಸೇರುವ ಚೇಂಬರು ಸಾದಾ ಉಕ್ಕು, ಇನ್‌ಹಿಬಿಟರ್ ಇಲ್ಲದಿದ್ದರೆ ಆಸಿಡ್ ಅವನ್ನೇ ಮೊದಲು ಮೇಯುತ್ತದೆ. ಕೆಳಗಿನ ನಳಿಕೆಯಿಂದ ಒಳಗೆ, ಮೇಲಿನಿಂದ ಟ್ಯಾಂಕಿಗೆ ವಾಪಸ್, ತುದಿಯ ವೆಂಟ್ (ಅನಿಲ ಹೋಗುವ ಕಿಂಡಿ) ಪೂರ್ತಿ ತೆರೆದಿರಲಿ. ಉಗುರುಬೆಚ್ಚಗಿದ್ದರೆ ಬೇಗ ಕೆಲಸವಾಗುತ್ತದೆ, 60 ಡಿಗ್ರಿ ದಾಟಿಸಬೇಡ. ದಾಟಿದರೆ ಸಲ್ಫಾಮಿಕ್ ಒಡೆದು ಸಲ್ಫೇಟ್ ಆಗುತ್ತದೆ, ಅದು ಸುಣ್ಣದ ಜೊತೆ ಸೇರಿ ಆಸಿಡ್ಡಿಗೂ ಜಗ್ಗದ ಹೊಸ ಪದರ ಕಟ್ಟುತ್ತದೆ. ಹತ್ತಿರ ಬೀಡಿ, ವೆಲ್ಡಿಂಗ್ ಬೇಡ, ಉಕ್ಕಿಗೆ ಆಸಿಡ್ ತಾಗಿದರೆ ಜಲಜನಕವೂ ಏಳುತ್ತದೆ.

ಪಿಎಚ್ ಕಾಗದ ಜೇಬಿನಲ್ಲಿರಲಿ. ಶುರುವಿನಲ್ಲಿ 1ರ ಹತ್ತಿರ ಇರುತ್ತದೆ. 3–4ಕ್ಕೆ ಏರಿದರೆ ಆ ಟ್ಯಾಂಕಿನ ಆಸಿಡ್ ಸತ್ತಿದೆ, ಬದಲಿಸು. ಎರಡನೆಯದೋ ಮೂರನೆಯದೋ ಟ್ಯಾಂಕಿನಲ್ಲಿ ನೊರೆ ನಿಂತು, ಅರ್ಧ ತಾಸು ಸುತ್ತಿದರೂ ಪಿಎಚ್ ಏರದೆ ಕೆಳಗೇ ನಿಂತರೆ ಸುಣ್ಣ ಮುಗಿದಿದೆ. ಆಗ ನಿಲ್ಲಿಸು. ಹೊತ್ತು ನೋಡಿ ನಿಲ್ಲಿಸುವುದಲ್ಲ, ಕಾಗದ ನೋಡಿ ನಿಲ್ಲಿಸುವುದು. ನೀರಿನಲ್ಲಿ ತೊಳೆದು, ನೂರಕ್ಕೆ ಒಂದೆರಡರಷ್ಟು ಸೋಡಾ ಆ್ಯಶ್ ದ್ರಾವಣ ಸುತ್ತಿಸಿ, ಮತ್ತೆ ನೀರು. ಟವರಿಗೆ ಹಾಕುವ ಬ್ಲೀಚಿಂಗ್ ದ್ರಾವಣದ ಕ್ಯಾನ್ ಆ ಕೋಣೆಯಲ್ಲಿದ್ದರೆ ಮೊದಲೇ ಹೊರಗಿಡು. ಆಸಿಡ್ಡಿಗೆ ಅದು ಬೆರೆತರೆ ಕ್ಲೋರಿನ್ ಅನಿಲ, ಓಡಲೂ ಸಮಯ ಸಿಗುವುದಿಲ್ಲ.

ಮುಚ್ಚಳ ಕಟ್ಟುವಾಗ ಒಂದು ಮಾತು. ನಾಲ್ಕು ಪಾಸ್ ಎಂದರೆ ಚೇಂಬರಿನೊಳಗೆ ಅಡ್ಡಗೋಡೆಗಳಿವೆ. ಗ್ಯಾಸ್ಕೆಟ್ಟಿನಲ್ಲಿ ಸುತ್ತಿನ ಬಳೆಯಷ್ಟೇ ಅಲ್ಲ, ಆ ಗೋಡೆಗಳ ಮೇಲೆ ಕೂರುವ ಪಟ್ಟಿಯೂ ಇರಬೇಕು. ದಾವಣಗೆರೆಯ ಒಂದು ಕಡೆ ಚಿಲ್ಲರ್ ತೊಳೆದ ಮೇಲೂ ತಣ್ಣಗಾಗುತ್ತಿಲ್ಲ ಎಂದು ನನ್ನನ್ನು ಕರೆದಿದ್ದರು. ಟ್ಯೂಬೆಲ್ಲ ಫಳಫಳ. ಮುಚ್ಚಳ ಬಿಚ್ಚಿಸಿದರೆ, ಯಾರೋ ಶೀಟಿನಲ್ಲಿ ಬರೀ ಬಳೆ ಕತ್ತರಿಸಿ ಹಾಕಿದ್ದರು. ನೀರು ಅಡ್ಡಗೋಡೆಯ ಮೇಲಿನ ಸಂದಿಯಲ್ಲೇ ನುಸುಳಿ, ಟ್ಯೂಬಿನ ಮುಖ ನೋಡದೆ ವಾಪಸ್ ಹೋಗುತ್ತಿತ್ತು. ಆ ಗ್ಯಾಸ್ಕೆಟ್ಟನ್ನು ಗೋಡೆಗೆ ತೂಗುಹಾಕಿ ಎಂದೆ, ಅವರಿಗೆ ಅರ್ಥವಾಗಲಿಲ್ಲ. ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಬೇಡ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ.

ಇನ್ನು ನಿನ್ನ ಲ್ಯಾಬಿನ ಅಂಕಿ. ನನಗೆ ನಿದ್ದೆ ಕೆಡಿಸಿದ್ದು ಅದು. ಬೋರಿನ ನೀರಿನ ಟಿಡಿಎಸ್ 1100, ಟವರಿನದು 5200, ಅಂದರೆ ಆವಿಯಾಗಿ ಆವಿಯಾಗಿ ಉಳಿದ ನೀರು 4.7 ಪಟ್ಟು ಗಟ್ಟಿಯಾಗಿದೆ. ಹಾಗಾದರೆ 600 ಇದ್ದ ಗಡಸುತನ 2800 ದಾಟಬೇಕಿತ್ತು. ಇರುವುದು 1300. ಉಳಿದದ್ದು ಆವಿಯಾಗಿ ಹೋಗುವ ವಸ್ತುವಲ್ಲ, ಎಲ್ಲೋ ಕೂತಿದೆ. ಒಳಗೆ ಹಾಕುವ ಪ್ರತಿ ಲೀಟರ್ ಬೋರಿನ ನೀರೂ 320 ಮಿಲಿಗ್ರಾಮಿನಷ್ಟು ಸುಣ್ಣವನ್ನು ಟ್ಯೂಬು, ಫಿಲ್ಲು, ತೊಟ್ಟಿಗಳಲ್ಲಿ ಬಿಟ್ಟುಹೋಗುತ್ತಿದೆ. ಟವರಿಗೆ ದಿನಕ್ಕೆ 10,000 ಲೀಟರ್ ಹೊಸ ನೀರು ಹಾಕಿದರೆ ದಿನಕ್ಕೆ ಮೂರು ಕಿಲೋ ಸುಣ್ಣ ಮನೆಗೆ ತಂದಂತೆ. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ, ಬೇರೆ ಮೂಲವಿಲ್ಲದಾಗ ಒಪ್ಪಬಹುದಾದ ಗಡಸುತನದ ಕೊನೆಯ ಮಿತಿಯೇ 600. ನಿಮ್ಮ ಬೋರು ಅಲ್ಲಿಂದ ಶುರುವಾಗುತ್ತದೆ.

ಆದ್ದರಿಂದ ಯಜಮಾನರು ಹಣ ಹಾಕಬೇಕಾದದ್ದು ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರಿಗೆ, ಪ್ಲೇಟಿಗಲ್ಲ. ಬೋರಿನ ನೀರು ಅದರೊಳಗಿನ ರೆಸಿನ್ ಹರಳು ದಾಟಿ ಟವರಿಗೆ ಬರಲಿ, ಉಪ್ಪು ಹಾಕಿ ರೆಸಿನ್ ತೊಳೆಯುವುದನ್ನು ಪಾಳಿಯವರು ಮರೆಯದಿರಲಿ. ಅಲ್ಲಿಯವರೆಗೆ ಬ್ಲೋಡೌನ್ (ತೊಟ್ಟಿಯ ಗಟ್ಟಿ ನೀರನ್ನು ಹೊರಬಿಡುವುದು) ಹೆಚ್ಚಿಸು, ಗಟ್ಟಿಯಾಗುವುದನ್ನು ಎರಡು ಪಟ್ಟಿನ ಒಳಗಿಡು. ಗಟ್ಟಿಯಾದ ನೀರಿನಲ್ಲಿ ಕ್ಲೋರೈಡೂ ಅಷ್ಟೇ ಪಟ್ಟು ಏರುತ್ತದೆ, ಸಾಫ್ಟ್‌ನರ್ ಅದನ್ನು ಹಿಡಿಯುವುದಿಲ್ಲ. 304 ದರ್ಜೆಯ ಟ್ಯೂಬಿಗೆ ಲೀಟರಿಗೆ 200 ಮಿಲಿಗ್ರಾಮಿನ ಹತ್ತಿರ ಬಂದರೆ ಎಚ್ಚರ ಎಂಬುದು ನಮ್ಮ ಕಸುಬಿನ ರೂಢಿ, ಅದನ್ನೂ ಲ್ಯಾಬಿನವರಿಂದ ಅಳೆಸು.

ವಾಲ್ವ್ ಪೂರ್ತಿ ತೆರೆದು ಕೈಹಿಡಿ ತೆಗೆದಿಡು. ಕಂಡೆನ್ಸರಿಗೆ ನೀರು ಸಾಲದಿದ್ದರೆ ಇನ್ನೊಂದು ಪಂಪು ಹಾಕಲಿ.

ಶೇಂಗಾಸೀಮೆ, ಚಳ್ಳಕೆರೆ

ಸಾಫ್ಟ್‌ನರ್ ಮಾತು ಯಜಮಾನರ ಕಿವಿಗೆ ಹಾಕಿದ್ದೇನೆ. ದಿನಕ್ಕೆ ಮೂರು ಕಿಲೋ ಎಂದಾಗ ಸ್ವಲ್ಪ ಹೊತ್ತು ಮಾತನಾಡಲಿಲ್ಲ, ಆಮೇಲೆ ಕೊಟೇಶನ್ ತರಿಸು ಎಂದರು. ಬಳಸಿದ ಆಸಿಡ್ ನೀರನ್ನು ಏನು ಮಾಡಲಿ? ಹಿಂದಿನ ಹಳ್ಳಕ್ಕೆ ಬಿಡಬಹುದು ಎನ್ನುತ್ತಾರೆ.

ಹಳೆಯ ಫೋರ್‌ಮನ್, ದಾವಣಗೆರೆ

ಹಳ್ಳಕ್ಕೆ ಬೇಡವೇ ಬೇಡ. ಆ ಹಳ್ಳದ ನೀರು ಇಂಗುವುದು ನಿಮ್ಮ ಬೋರಿನ ಸುತ್ತಲೇ, ಮಾಲಿನ್ಯ ನಿಯಂತ್ರಣ ಮಂಡಳಿಯವರು ಬರುವುದೂ ಅಲ್ಲಿಗೇ. ಸತ್ತ ಆಸಿಡ್ಡನ್ನು ಒಂದು ತೊಟ್ಟಿಯಲ್ಲಿ ಹಿಡಿದು ಸುಣ್ಣದ ನೀರನ್ನೋ ಸೋಡಾ ಆ್ಯಶನ್ನೋ ಸ್ವಲ್ಪ ಸ್ವಲ್ಪವೇ ಬೆರೆಸು, ನೊರೆ ಉಕ್ಕುತ್ತದೆ, ತೊಟ್ಟಿ ಅರ್ಧವಷ್ಟೇ ತುಂಬಿರಲಿ. ಪಿಎಚ್ 7ರ ಆಸುಪಾಸಿಗೆ ಬಂದ ಮೇಲೆ ನಿಮ್ಮ ತ್ಯಾಜ್ಯನೀರಿನ ಘಟಕಕ್ಕೆ ಬಿಡು, ಎರಡು ಮೂರು ದಿನಕ್ಕೆ ಹಂಚಿ. ಒಮ್ಮೆಗೇ ಬಿಟ್ಟರೆ ಅಲ್ಲಿನ ಬ್ಯಾಕ್ಟೀರಿಯಾ ಸತ್ತು ಅದನ್ನು ಮತ್ತೆ ಎಬ್ಬಿಸುವುದು ಇದಕ್ಕಿಂತ ದೊಡ್ಡ ಕೆಲಸವಾದೀತು.

ಶುರು ಮಾಡಿದ ಮೊದಲ ದಿನವೇ ನಾಲ್ಕು ಉಷ್ಣತೆ, ಎರಡು ಪ್ರೆಷರ್ ಬರೆದಿಡು. ವಾರಕ್ಕೊಮ್ಮೆ ಅದೇ ಹೊತ್ತಿಗೆ, ಅದೇ ಎಣ್ಣೆಯ ಹರಿವಿನಲ್ಲಿ ಮತ್ತೆ ಬರೆ. ಎಣ್ಣೆ 45ರಿಂದ 50ಕ್ಕೆ ಏರಿದಾಗಲೇ ಬಿಚ್ಚಿದರೆ ನೈಲಾನ್ ಬ್ರಷ್ಷಿನಲ್ಲೇ ಕೆಲಸ ಮುಗಿಯುತ್ತದೆ.